ಕಾರಿನೊಳಗಿನ ಕೆಟ್ಟ ವಾಸನೆ: ಮೂಲ ಹುಡುಕಿ ತೆಗೆಯುವ ಸಮಗ್ರ ಮಾರ್ಗದರ್ಶಿ

ಕಾರಿನಲ್ಲಿ ಏನೋ ವಾಸನೆ ಎಂದ ಕೂಡಲೇ ಹೆಚ್ಚಿನವರು ಡ್ಯಾಶ್‌ಬೋರ್ಡ್ ಮೇಲೆ ಒಂದು ಪರ್ಫ್ಯೂಮ್ ಡಬ್ಬಿ ತಂದಿಡುತ್ತಾರೆ. ಎರಡು ದಿನ ಮಲ್ಲಿಗೆ ಘಮ. ಮೂರನೇ ದಿನ ಮಲ್ಲಿಗೆ ಜೊತೆಗೆ ಹುಳಿ ಹಾಲು. ತಲೆನೋವು ಬೇರೆ.

ಹಾಗಾಗಿ ಮೊದಲ ಕೆಲಸ ಇದು: ಪರ್ಫ್ಯೂಮ್, ಜೆಲ್, ಎಸಿ ವೆಂಟ್‌ಗೆ ಸಿಕ್ಕಿಸಿದ ಕ್ಲಿಪ್, ಎಲ್ಲವನ್ನೂ ಹೊರಗೆ ತೆಗೆಯಿರಿ. ಅವು ಒಳಗಿರುವ ತನಕ ಅಸಲಿ ವಾಸನೆ ಎಲ್ಲಿಂದ ಬರುತ್ತಿದೆ ಎಂದು ಮೂಗಿಗೆ ತಿಳಿಯುವುದೇ ಇಲ್ಲ. ವಾಸನೆಗೆ ಒಂದು ಜಾಗ ಇರುತ್ತದೆ. ಅದನ್ನು ಹುಡುಕದೆ ಎಷ್ಟು ಉಜ್ಜಿದರೂ ಸುಮ್ನೆ ಶ್ರಮ.

ಮೊದಲು ಇದನ್ನು ನೋಡಿ: ಮೆಕ್ಯಾನಿಕ್ ಕೆಲಸದ ವಾಸನೆಗಳು

ಕೆಲವು ವಾಸನೆಗಳನ್ನು ತೊಳೆಯಲು ಹೋಗಬಾರದು. ಅವು ಎಚ್ಚರಿಕೆ.

ಪೆಟ್ರೋಲ್ ವಾಸನೆ ಬಂಕ್‌ನಿಂದ ಹೊರಟ ಮೇಲೆ ಸ್ವಲ್ಪ ಹೊತ್ತು ಇದ್ದರೆ ಚಿಂತೆಯಿಲ್ಲ. ಬೆಳಗ್ಗೆ ಬಾಗಿಲು ತೆಗೆದಾಗಲೂ ಗಪ್ಪೆಂದು ಹೊಡೆದರೆ ಎಲ್ಲೋ ಸೋರುತ್ತಿದೆ. ಸ್ಟಾರ್ಟ್ ಮಾಡಬೇಡಿ, ಮೆಕ್ಯಾನಿಕ್‌ನನ್ನೇ ಕರೆಸಿ. ಸಿಎನ್‌ಜಿ ಕಾರಿನವರು ಇನ್ನೂ ಹುಷಾರಾಗಿರಬೇಕು. ಆ ಗ್ಯಾಸ್‌ಗೆ ತನ್ನದೇ ವಾಸನೆ ಇಲ್ಲ. ಸೋರಿದರೆ ಗೊತ್ತಾಗಲಿ ಎಂದೇ ಅದಕ್ಕೆ ಕೆಟ್ಟ ವಾಸನೆ ಬೆರೆಸಿರುತ್ತಾರೆ. ಅದು ಮೂಗಿಗೆ ಬಡಿದರೆ ಎಂಜಿನ್ ಆಫ್ ಮಾಡಿ, ಬಾಗಿಲು ತೆರೆದು ಎಲ್ಲರೂ ಇಳಿಯಿರಿ. ಸಾಧ್ಯವಿದ್ದರೆ ಸಿಲಿಂಡರ್ ವಾಲ್ವ್ ಬಂದ್ ಮಾಡಿ. ಯಾವ ಸ್ವಿಚ್ಚನ್ನೂ ಮತ್ತೆ ಮುಟ್ಟಬೇಡಿ.

ಸಿಹಿ ಸಿಹಿ ವಾಸನೆ, ಜೊತೆಗೆ ಮುಂದಿನ ಗಾಜಿನ ಒಳಮೈಗೆ ಜಿಡ್ಡು ಮಂಜು, ಕೂಲೆಂಟ್ (ಎಂಜಿನ್ ತಣ್ಣಗಿಡುವ ದ್ರವ) ಬಾಟಲಿಯಲ್ಲಿ ಮಟ್ಟ ಇಳಿಕೆ. ಈ ಮೂರೂ ಸೇರಿದರೆ ಡ್ಯಾಶ್‌ಬೋರ್ಡ್ ಹಿಂದಿನ ಹೀಟರ್ ಕೋರ್, ಅಂದರೆ ಬಿಸಿ ಕೂಲೆಂಟ್ ಹರಿಯುವ ಜಾಲರಿ, ಸೋರುತ್ತಿರಬಹುದು. ಕೊಳೆತ ಮೊಟ್ಟೆಯ ವಾಸನೆ ಬಂದರೆ ಸೈಲೆನ್ಸರ್ ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಅಥವಾ ಜಾಸ್ತಿ ಚಾರ್ಜ್ ಆಗುತ್ತಿರುವ ಬ್ಯಾಟರಿಯನ್ನು ಪರೀಕ್ಷಿಸಬೇಕು. ಪ್ಲಾಸ್ಟಿಕ್ ಸುಟ್ಟ ವಾಸನೆ ಎಂದರೆ ವೈರಿಂಗ್. ಪಕ್ಕಕ್ಕೆ ನಿಲ್ಲಿಸಿ, ಆಫ್ ಮಾಡಿ, ಇಳಿಯಿರಿ.

ಚಾರ್ಮಾಡಿಯನ್ನೋ ಆಗುಂಬೆಯನ್ನೋ ಇಳಿಯುವಾಗ ಸುಟ್ಟ ವಾಸನೆ ಬಂದರೆ ಅದು ಬಹುಮಟ್ಟಿಗೆ ಬ್ರೇಕ್. ಅಗಲವಾದ ಜಾಗ ನೋಡಿ ನಿಲ್ಲಿಸಿ, ತಾನಾಗಿ ತಣ್ಣಗಾಗಲು ಬಿಡಿ. ನೀರು ಸುರಿಯಬೇಡಿ, ಕಾದ ಡಿಸ್ಕ್ ಸೊಟ್ಟಗಾಗುತ್ತದೆ. ಮುಂದಿನ ಇಳಿಜಾರನ್ನು ಎರಡನೇ ಗೇರ್‌ನಲ್ಲಿ ಇಳಿಯಿರಿ.

ಕೊನೆಯದು ಸೈಲೆನ್ಸರ್ ಹೊಗೆ. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಆದರೆ ಹೊಗೆಯ ವಾಸನೆ ಒಳಗೆ ಬರುತ್ತಿದೆ ಎಂದರೆ ಅದೂ ಜೊತೆಯಲ್ಲೇ ಬರುತ್ತಿರುತ್ತದೆ. ಕಿಟಕಿ ಇಳಿಸಿಕೊಂಡೇ ನೇರ ಗ್ಯಾರೇಜಿಗೆ ಹೋಗಿ. ಅಂಥ ಕಾರಿನಲ್ಲಿ ಎಸಿ ಹಾಕಿ ಮಲಗುವ ಮಾತೇ ಬೇಡ.

ಇವ್ಯಾವುವೂ ಅಲ್ಲ ಎಂದು ಖಾತ್ರಿಯಾದರೆ ಬಕೆಟ್, ಬಟ್ಟೆ ತನ್ನಿ.

ಮೂಗಿನಿಂದ ಹುಡುಕುವುದು

ಕಿಟಕಿ ಏರಿಸಿ ಕಾರನ್ನು ಒಂದೆರಡು ಗಂಟೆ ಬಿಸಿಲಲ್ಲಿ ನಿಲ್ಲಿಸಿ. ಬಿಸಿಗೆ ವಾಸನೆ ಏಳುತ್ತದೆ. ಆಮೇಲೆ ಒಂದೊಂದೇ ಬಾಗಿಲು ತೆಗೆದು ಮೂಸಿ: ಡಿಕ್ಕಿ, ಹಿಂದಿನ ಸೀಟು, ಮುಂದಿನ ಸೀಟು, ಕಾಲಿಡುವ ಜಾಗ. ನಮ್ಮ ಮೂಗು ಕೆಲವೇ ನಿಮಿಷಗಳಲ್ಲಿ ವಾಸನೆಗೆ ಒಗ್ಗಿಹೋಗುತ್ತದೆ. ಆದ್ದರಿಂದ ನಡುನಡುವೆ ದೂರ ಹೋಗಿ ಒಳ್ಳೆಯ ಗಾಳಿ ತೆಗೆದುಕೊಂಡು ಬನ್ನಿ. ದಿನಾ ಆ ಕಾರಿನಲ್ಲಿ ಕೂರದವರನ್ನು ಕರೆದು ಮೂಸಲು ಹೇಳಿದರೆ ಇನ್ನೂ ಒಳ್ಳೆಯದು. ನೆಂಟರು ಇಂಥ ವಿಷಯದಲ್ಲಿ ಮುಲಾಜು ನೋಡುವುದಿಲ್ಲ.

ಫ್ಯಾನ್ ಹಾಕಿದಾಗ ಮಾತ್ರ ವಾಸನೆ ಬಂದರೆ ಎಸಿ. ಫ್ಯಾನ್ ಇಲ್ಲದೆಯೂ ಕೆಳಗಿನಿಂದ ಮುಗ್ಗಲು ವಾಸನೆ ಬಂದರೆ ಕಾರ್ಪೆಟ್. ಬಿಸಿಲಿದ್ದಾಗ ಮಾತ್ರ ಎದ್ದು ಸಂಜೆಗೆ ತಗ್ಗಿದರೆ ಏನೋ ಚೆಲ್ಲಿರಬೇಕು ಅಥವಾ ಸತ್ತಿರಬೇಕು.

ಈಗ ಕಾರನ್ನು ಪೂರ್ತಿ ಖಾಲಿ ಮಾಡಿ. ಸೀಟನ್ನು ಮುಂದೆ ತಳ್ಳಿ, ಹಿಂದೆ ತಳ್ಳಿ, ಟಾರ್ಚ್ ಬಿಟ್ಟು ನೋಡಿ. ಬಾಳೆಹಣ್ಣಿನ ಸಿಪ್ಪೆ, ಅರ್ಧ ಬಿಸ್ಕತ್ತು, ಪ್ರಸಾದದ ಪೊಟ್ಟಣ, ಒದ್ದೆ ಕೊಡೆ, ಜಿಮ್ ಬ್ಯಾಗು. ನಮ್ಮ ಕಾರುಗಳಲ್ಲಿ ಇನ್ನೊಂದು ಜಾಗವಿದೆ, ಯಾರೂ ನೋಡುವುದಿಲ್ಲ. ಡ್ಯಾಶ್‌ಬೋರ್ಡ್ ಗಣಪತಿಗೆ ಏರಿಸಿದ ಹೂವು ಒಣಗಿ, ಮುಂದಿನ ಗಾಜಿನ ಬುಡದಲ್ಲಿ ಮಂಜು ತೆಗೆಯಲು ಗಾಳಿ ಬಿಡುವ ಡಿಫಾಗರ್ ಸೀಳಿನೊಳಗೆ ಬಿದ್ದುಹೋಗುತ್ತದೆ. ಮಳೆಗಾಲದ ತೇವಕ್ಕೆ ಅದು ಅಲ್ಲೇ ಕೊಳೆಯುತ್ತದೆ. ಉದ್ದ ಚಿಮಟ ಹಾಕಿ ತೆಗೆಯಿರಿ.

ಸೀಟಿನ ಕೆಳಗೆ ಕೈ ಹಾಕುವಾಗ ಹಳದಿ ಬಣ್ಣದ ಕನೆಕ್ಟರ್ ಕಂಡರೆ ಮುಟ್ಟಬೇಡಿ, ಎಳೆಯಬೇಡಿ. ಅದು ಏರ್‌ಬ್ಯಾಗ್‌ ಅಥವಾ ಸೀಟ್ ಬೆಲ್ಟ್ ಬಿಗಿಯುವ ಸಾಧನದ ವೈರ್.

ಎಸಿಯಿಂದ ಬರುವ ಒದ್ದೆ ಬಟ್ಟೆ ವಾಸನೆ

ಎಸಿ ಹಾಕಿದ ಮೊದಲ ಅರ್ಧ ನಿಮಿಷ ಒದ್ದೆ ಸಾಕ್ಸ್ ವಾಸನೆ ಬಂದು ಆಮೇಲೆ ಕಡಿಮೆಯಾಗುತ್ತದೆ, ಅಲ್ವಾ? ಡ್ಯಾಶ್‌ಬೋರ್ಡ್ ಒಳಗೆ ಇವಾಪರೇಟರ್ ಎಂಬ ತಣ್ಣನೆ ಜಾಲರಿ ಇದೆ. ಗಾಳಿಯ ತೇವ ಅದರ ಮೇಲೆ ನೀರಾಗಿ ಕೂರುತ್ತದೆ. ನೀರು ಒಂದು ಪೈಪಿನಲ್ಲಿ ಇಳಿದು ಕಾರಿನ ಕೆಳಗೆ ತೊಟ್ಟಿಕ್ಕುತ್ತದೆ. ನೀವು ಕಾರು ನಿಲ್ಲಿಸಿದ ಮೇಲೂ ಆ ಜಾಲರಿ ಒದ್ದೆಯಾಗಿಯೇ ಇರುತ್ತದೆ. ಕತ್ತಲೆ, ತೇವ, ಜೊತೆಗೆ ಅಂಟಿದ ಧೂಳು. ಬೂಷ್ಟು ಬೆಳೆಯಲು ಇಷ್ಟು ಸಾಕು.

1. ಎಸಿ ಗಾಳಿಯ ಧೂಳು ತಡೆಯುವ ಕ್ಯಾಬಿನ್ ಫಿಲ್ಟರ್ ತೆಗೆಯಿರಿ. ಹೆಚ್ಚಿನ ಕಾರುಗಳಲ್ಲಿ ಅದು ಗ್ಲೋವ್ ಬಾಕ್ಸ್ ಹಿಂದೆ ಇರುತ್ತದೆ. ಬಾಕ್ಸಿನ ಎರಡೂ ಬದಿಯನ್ನು ಒಳಕ್ಕೆ ಒತ್ತಿದರೆ ಕೆಳಗೆ ಬಾಗುತ್ತದೆ. ಫಿಲ್ಟರ್ ಕಪ್ಪಾಗಿದ್ದರೆ, ಮೂಸಿದರೆ ಮುಖ ಸಿಂಡರಿಸುವಂತಿದ್ದರೆ ಹೊಸದು ಹಾಕಿ. ಕೆಲವು ನೂರು ರೂಪಾಯಿಯ ಮಾತು. ತೊಳೆದು ಮತ್ತೆ ಹಾಕುವ ಉಳಿತಾಯ ಬೇಡ, ಒದ್ದೆಯಾದ ಕಾಗದದ ಫಿಲ್ಟರ್‌ಗೆ ಮತ್ತೆ ಬೂಷ್ಟು ಹಿಡಿಯುತ್ತದೆ. ಅಂಚಿನಲ್ಲಿರುವ ಬಾಣ ಗಾಳಿ ಹೋಗುವ ದಿಕ್ಕಿಗೆ ಇರಲಿ. ವರ್ಷಕ್ಕೊಮ್ಮೆ ಬದಲಿಸುವುದು ಒಳ್ಳೆಯ ಲೆಕ್ಕ. ಮಣ್ಣು ರಸ್ತೆಯಲ್ಲಿ ಓಡಿಸುವವರು ಇನ್ನೂ ಬೇಗ. ಕೆಲವು ಬೇಸ್ ಮಾಡೆಲ್‌ಗಳಲ್ಲಿ ಫಿಲ್ಟರ್‌ಗೆ ಜಾಗ ಇರುತ್ತದೆ, ಫಿಲ್ಟರೇ ಇರುವುದಿಲ್ಲ. ಅಂಥ ಕಾರಿನ ಇವಾಪರೇಟರ್ ನೇರವಾಗಿ ಧೂಳು ತಿನ್ನುತ್ತಿರುತ್ತದೆ.

2. ಫಿಲ್ಟರ್ ತೆಗೆದ ಮೇಲೆ ಖಾಲಿಯಾದ ಆ ಸಂದಿಯಿಂದ ಎಲೆ, ಕಸ, ಗೂಡು ಏನಿದೆ ನೋಡಿ ತೆಗೆಯಿರಿ.

3. ಇವಾಪರೇಟರ್ ಕ್ಲೀನರ್ ಫೋಮ್ ತನ್ನಿ. ಬಿಡಿಭಾಗದ ಅಂಗಡಿಗಳಲ್ಲಿ ಉದ್ದ ಟ್ಯೂಬಿನ ಜೊತೆ ಸಿಗುತ್ತದೆ. ಎಸಿ, ಫ್ಯಾನ್ ಎರಡೂ ಆಫ್ ಮಾಡಿ, ಡಬ್ಬಿಯ ಮೇಲೆ ಹೇಳಿದ ದಾರಿಯಲ್ಲೇ ಫೋಮ್ ಜಾಲರಿಗೆ ತಲುಪಿಸಿ. ಬ್ಲೋವರ್ (ಗಾಳಿ ದೂಡುವ ಫ್ಯಾನ್) ಮೋಟಾರ್ ಮೇಲೆ ಬೀಳಬಾರದು. ಹೇಳಿದಷ್ಟು ಹೊತ್ತು ಬಿಡಿ. ಫೋಮ್ ಕರಗಿ ಕೊಳೆ ಸಮೇತ ಕೆಳಗಿನ ಪೈಪಿನಿಂದ ಇಳಿಯುತ್ತದೆ. ವೆಂಟ್‌ನ ಬಾಯಿಗೆ ಎರಡು ಸಲ ಪುಸ್ ಎನ್ನಿಸುವ ಸ್ಪ್ರೇಗಳ ಮೇಲೆ ನನಗೆ ನಂಬಿಕೆಯಿಲ್ಲ. ಅಲ್ಲಿಂದ ಇವಾಪರೇಟರ್‌ಗೆ ಅದು ತಲುಪುವುದೇ ಕಷ್ಟ.

4. ಈಗ ಒಣಗಿಸಿ. ಬಯಲಲ್ಲಿ ನಿಲ್ಲಿಸಿ, ಕಿಟಕಿ ಇಳಿಸಿ, ಎಸಿ ಆಫ್ ಇಟ್ಟು ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಫ್ಯಾನ್ ಜೋರಾಗಿ ಹತ್ತು ನಿಮಿಷ ಓಡಿಸಿ. ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಓಡಿಸಿಕೊಂಡು ಇದನ್ನು ಮಾಡಬೇಡಿ.

5. ನೀರಿಳಿಯುವ ಪೈಪ್ ನೋಡಿ. ಸೆಕೆಯ ದಿನ ಕಾಲು ಗಂಟೆ ಎಸಿ ಓಡಿದರೆ ಕಾರಿನ ಮುಂಭಾಗದ ಕೆಳಗೆ ನೀರು ಬಿದ್ದಿರಬೇಕು. ಬಿದ್ದಿಲ್ಲ, ಬದಲಿಗೆ ಮುಂದಿನ ಎಡಗಡೆ ಕಾಲಿನ ಕಾರ್ಪೆಟ್ ಒದ್ದೆ ಎಂದರೆ ಪೈಪ್ ಕಟ್ಟಿಕೊಂಡಿದೆ. ಕೆಳಗಿನಿಂದ ಮೆತ್ತಗೆ ಗಾಳಿ ಹೊಡೆಸಿದರೆ ಸಾಕಾಗುತ್ತದೆ.

ಮತ್ತೆ ಬರಬಾರದು ಎಂದರೆ ಒಂದೇ ಅಭ್ಯಾಸ ಸಾಕು. ಮನೆ ಸೇರುವ ಎರಡು ಮೂರು ನಿಮಿಷ ಮೊದಲು ಎಸಿ ಬಟನ್ ಆಫ್ ಮಾಡಿ, ಫ್ಯಾನ್ ಮಾತ್ರ ಓಡಲು ಬಿಡಿ. ಜಾಲರಿ ಒಣಗಿಕೊಳ್ಳುತ್ತದೆ. ಒಳಗಿನ ಗಾಳಿಯನ್ನೇ ತಿರುಗಿಸುವ ಬಟನ್ ಇಡೀ ದಿನ ಒತ್ತಿಟ್ಟುಕೊಳ್ಳಬೇಡಿ.

ನೀರು ಎಲ್ಲಿಂದ ಬಂತು?

ಮಲೆನಾಡು, ಕರಾವಳಿಯವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದೇ ದೊಡ್ಡ ತಲೆನೋವು. ಮ್ಯಾಟ್ ಎತ್ತಿ, ಕಾರ್ಪೆಟ್ ಮೇಲೆ ಮುಷ್ಟಿ ಊರಿ ಬಲವಾಗಿ ಒತ್ತಿ. ಮೇಲೆ ಒಣಗಿದಂತೆ ಕಂಡರೂ ಕೆಳಗಿನ ಸ್ಪಂಜು ಅಥವಾ ಫೆಲ್ಟ್ ನೀರು ಹೀರಿಕೊಂಡು ಕೂತಿರುತ್ತದೆ. ಈಗ ಎಲ್ಲರೂ ಹಾಕಿಸುವ, ಕಾರಿನ ನೆಲವನ್ನೆಲ್ಲ ಮುಚ್ಚುವ 7ಡಿ ಮ್ಯಾಟ್ ನೋಡಲು ಚೆಂದ. ಆದರೆ ಅದರ ಅಡಿಗೆ ನೀರು ಇಳಿದರೆ ಆರಲು ದಾರಿಯೇ ಇಲ್ಲ. ಮಳೆಗಾಲದಲ್ಲಿ ಆಗಾಗ ಎತ್ತಿ ನೋಡದಿದ್ದರೆ ಅದರಡಿ ಬೂಷ್ಟಿನ ತೋಟವೇ ಆಗುತ್ತದೆ.

ಒಣಗಿಸುವ ಮೊದಲು ಸೋರುವ ಜಾಗ ಹುಡುಕಿ. ಮರದಡಿ ನಿಲ್ಲಿಸುವ ಕಾರುಗಳಲ್ಲಿ ವೈಪರ್ ಬುಡದ ತೂಬಿಗೆ ಎಲೆ ಕಟ್ಟಿಕೊಂಡು ನೀರು ಒಳಗೆ ತಿರುಗುತ್ತದೆ. ಸನ್‌ರೂಫ್ ಇದ್ದರೆ ಅದರ ಮೂಲೆಗಳಲ್ಲಿ ನೀರಿಳಿಯುವ ಸಣ್ಣ ತೂತುಗಳಿವೆ. ಅವು ಮುಚ್ಚಿದರೆ ಮೇಲ್ಛಾವಣಿಯ ಬಟ್ಟೆ ನೆನೆಯುತ್ತದೆ. ಬಾಗಿಲಿನ ಕೆಳ ಅಂಚಿನಲ್ಲೂ ತೂತುಗಳಿವೆ. ಡಿಕ್ಕಿಯ ಸ್ಟೆಪ್ನಿ ಗುಂಡಿಯಲ್ಲಿ ನೀರು ನಿಂತಿದ್ದರೆ ಡಿಕ್ಕಿಯ ರಬ್ಬರ್ ಅಥವಾ ಹಿಂದಿನ ಲೈಟಿನ ಗ್ಯಾಸ್ಕೆಟ್ ನೋಡಿ. ಸುಲಭ ಪರೀಕ್ಷೆ: ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಲಿ, ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ಮೆಲ್ಲಗೆ ನೀರು ಬಿಡಲಿ. ಕೆಳಗಿನಿಂದ ಶುರು ಮಾಡಿ ಮೇಲಕ್ಕೆ ಹೋಗಬೇಕು. ಮೇಲಿನಿಂದ ಸುರಿದರೆ ಎಲ್ಲ ಕಡೆ ಒಟ್ಟಿಗೆ ಇಳಿದು ಏನೂ ತಿಳಿಯುವುದಿಲ್ಲ.

ಆಮೇಲೆ ಬಾಗಿಲ ಬುಡದ ಪ್ಲಾಸ್ಟಿಕ್ ಪಟ್ಟಿ ಬಿಡಿಸಿ, ಕಾರ್ಪೆಟ್ ಎತ್ತಿ, ಅಡಿಗೆ ಮರದ ತುಂಡು ಕೊಟ್ಟು ಟೇಬಲ್ ಫ್ಯಾನ್ ಬಿಡಿ. ಬಿಸಿಲಿಲ್ಲದಿದ್ದರೆ ಹಳೆಯ ಟವೆಲ್ ಹಾಸಿ, ಮೇಲೆ ನಿಂತು ನೀರು ಹಿಂಡಿ ತೆಗೆಯುವುದೇ ವಾಸಿ. ಎಸಿ ಕೂಡ ಗಾಳಿಯ ತೇವ ಹೀರುತ್ತದೆ, ಓಡಾಡುವಾಗ ಹಾಕಿಕೊಳ್ಳಿ. ಸೀಟಿನ ಮೇಲೆ ಬಿಳಿ ಬೂಷ್ಟು ಕಂಡರೆ ಮಾಸ್ಕ್ ಹಾಕಿ, ಬಾಗಿಲುಗಳನ್ನೆಲ್ಲ ತೆರೆದು ಒರೆಸಿ.

ಚರಂಡಿ ನೀರು ನುಗ್ಗಿದ ಕಾರಿನ ಕಥೆ ಬೇರೆ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ, ಬೆಳ್ಳಂದೂರು ಕಡೆ ಬೇಸ್‌ಮೆಂಟ್‌ಗಳಲ್ಲಿ ಮುಳುಗಿದ ಕಾರುಗಳು ನೆನಪಿರಬಹುದು. ಅಂಥ ಕಾರನ್ನು ಸ್ಟಾರ್ಟ್ ಮಾಡಬಾರದು. ಫೋಟೊ ತೆಗೆದು ಇನ್ಶೂರೆನ್ಸ್‌ನವರಿಗೆ ತಿಳಿಸಿದ ಮೇಲೆಯೇ ತೊಳೆಯುವ ಮಾತು. ಕಾರ್ಪೆಟ್ ಅಡಿಯ ಸ್ಪಂಜನ್ನು ಉಳಿಸಲು ಹೋಗಬೇಡಿ, ಕಿತ್ತು ಹೊಸದು ಹಾಕಿಸಿ.

ಹಾಲು, ಮೊಸರು, ದೋಸೆ ಹಿಟ್ಟು

ಇವು ಚೆಲ್ಲಿದರೆ ಗಡಿಯಾರ ಓಡಲು ಶುರು. ಮೊದಲ ಗಂಟೆಯಲ್ಲಿ ಮಾಡಿದ ಕೆಲಸ ಆಮೇಲಿನ ವಾರದ ಕೆಲಸಕ್ಕಿಂತ ಮೇಲು.

ಬಟ್ಟೆ ಒತ್ತಿ ಹೀರಿಸಿ, ಉಜ್ಜಬೇಡಿ. ಉಜ್ಜಿದರೆ ಹಾಲು ಫೋಮ್‌ನ ಒಳಕ್ಕೆ ಇಳಿಯುತ್ತದೆ. ತಣ್ಣೀರು ಚಿಮುಕಿಸಿ, ಮತ್ತೆ ಒತ್ತಿ. ಬಿಸಿನೀರು ಬೇಡವೇ ಬೇಡ, ಹಾಲಿನ ಪ್ರೋಟೀನ್ ಬಿಸಿಗೆ ಗಟ್ಟಿಯಾಗಿ ನೂಲಿಗೆ ಕಚ್ಚಿಕೊಳ್ಳುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ ಒಂದೆರಡು ಹನಿ ಬೆರೆಸಿದ ನೀರಿನಿಂದ ಒಮ್ಮೆ, ಬರೀ ನೀರಿನಿಂದ ಒಮ್ಮೆ ಮಾಡಿ. ನೀರೆಳೆಯುವ ವ್ಯಾಕ್ಯೂಮ್ ಸಿಕ್ಕರೆ ಅರ್ಧ ಯುದ್ಧ ಗೆದ್ದಂತೆ.

ವಾರ ಕಳೆದು ವಾಸನೆ ಹಿಡಿದಿದ್ದರೆ ಎಂಜೈಮ್ ಕ್ಲೀನರ್ ಬೇಕು. ಸಾಕುಪ್ರಾಣಿಗಳ ಅಂಗಡಿಯಲ್ಲಿ ನಾಯಿ, ಬೆಕ್ಕಿನ ಮೂತ್ರದ ಕಲೆಗೆಂದು ಮಾರುತ್ತಾರೆ, ಲೇಬಲ್ ಮೇಲೆ ಎಂಜೈಮ್ ಎಂದು ಬರೆದಿರಬೇಕು. ಅದು ಪ್ರೋಟೀನ್, ಕೊಬ್ಬನ್ನು ಒಡೆದು ಹಾಕುತ್ತದೆ. ಇಲ್ಲಿ ಎರಡು ಗುಟ್ಟುಗಳಿವೆ. ಹಾಲು ಎಷ್ಟು ಆಳಕ್ಕೆ ಇಳಿದಿದೆಯೋ ಕ್ಲೀನರ್ ಕೂಡ ಅಷ್ಟೇ ಆಳಕ್ಕೆ ಇಳಿಯಬೇಕು. ಮತ್ತು ಹಲವು ಗಂಟೆ ಒದ್ದೆಯಾಗಿಯೇ ಇರಬೇಕು, ಅದಕ್ಕೆ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ. ಅದಕ್ಕೂ ಮೊದಲೇ ಫಿನಾಯಿಲ್, ಬ್ಲೀಚ್ ಸುರಿದಿದ್ದರೆ ಎಂಜೈಮ್ ಕೆಲಸ ಮಾಡುವುದಿಲ್ಲ. ನೀರಿನಿಂದ ಚೆನ್ನಾಗಿ ತೆಗೆದು ಆಮೇಲೆ ಹಾಕಿ.

ಒಣಗಿದ ಮೇಲೆ ಅಡುಗೆ ಸೋಡಾ ದಪ್ಪಗೆ ಉದುರಿಸಿ, ರಾತ್ರಿ ಬಿಟ್ಟು ಬೆಳಗ್ಗೆ ವ್ಯಾಕ್ಯೂಮ್ ಮಾಡಿ. ಕೆಟ್ಟ ಹಾಲಿನ ವಾಸನೆ ಹುಳಿ ಜಾತಿಯದು. ಸೋಡಾ ಅದನ್ನು ಕೊಲ್ಲುತ್ತದೆ.

ಮೀನಿನದು ಇದಕ್ಕೆ ತದ್ವಿರುದ್ಧ. ಮಲ್ಪೆಯಿಂದ ತಂದ ಬಂಗುಡೆಯ ನೀರು ಡಿಕ್ಕಿಯಲ್ಲಿ ಸೋರಿದರೆ ಬೇಕಾದ್ದು ಹುಳಿ. ಮೀನಿನ ವಾಸನೆ ಕೊಡುವ ಅಮೈನ್ ಎಂಬ ರಾಸಾಯನಿಕಗಳು ಕ್ಷಾರದ (ಹುಳಿಗೆ ವಿರುದ್ಧವಾದ) ಗುಣದವು. ಕರಾವಳಿ ಅಡುಗೆಮನೆಯಲ್ಲಿ ಮೀನಿಗೆ ಹುಣಸೆ, ನಿಂಬೆ ಹಚ್ಚುವ ಲೆಕ್ಕವೇ ಇಲ್ಲೂ ನಡೆಯುತ್ತದೆ. ಒಂದು ಪಾಲು ಬಿಳಿ ವಿನೆಗರ್‌ಗೆ ಮೂರು ಪಾಲು ನೀರು ಬೆರೆಸಿ ಒರೆಸಿ, ಅರ್ಧ ಗಂಟೆ ಬಿಟ್ಟು ಬರೀ ನೀರಿನಿಂದ ಒರೆಸಿ. ವಿನೆಗರ್ ವಾಸನೆ ಒಂದೆರಡು ದಿನದಲ್ಲಿ ತಾನಾಗಿ ಹೋಗುತ್ತದೆ. ಅಸಲಿ ಲೆದರ್ ಮೇಲೆ ಮಾತ್ರ ಇದು ಬೇಡ.

ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಹಲವರು ಬೆಲ್ಲ, ಹಣ್ಣಿನ ಸಿಪ್ಪೆ, ನೀರನ್ನು 1:3:10ರ ಲೆಕ್ಕದಲ್ಲಿ ಮೂರು ತಿಂಗಳು ಕೊಳೆಸಿ ಬಯೋ ಎಂಜೈಮ್ ಮಾಡುತ್ತಾರಲ್ಲ, ಅದೂ ಹುಳಿ ದ್ರವವೇ. ಮೀನಿಗೆ ಪರವಾಗಿಲ್ಲ, ಹಾಲಿಗೆ ಅದರಿಂದ ದೊಡ್ಡ ಲಾಭ ಕಾಣೆ.

ವಿಡಿಯೊಗಳಲ್ಲಿ ಸೋಡಾ ಮತ್ತು ವಿನೆಗರ್ ಒಟ್ಟಿಗೆ ಸುರಿದು ನೊರೆ ತೋರಿಸುತ್ತಾರೆ. ನೊರೆ ಬಂದಿತು ಎಂದರೆ ಎರಡೂ ಒಂದನ್ನೊಂದು ತಿಂದುಕೊಂಡವು ಎಂದರ್ಥ. ಉಳಿಯುವುದು ಹೆಚ್ಚೂಕಡಿಮೆ ಉಪ್ಪು ನೀರು. ಬ್ಲೀಚ್ ಜೊತೆ ವಿನೆಗರ್ ಬೆರೆಸುವುದಂತೂ ಅಪಾಯ, ಕ್ಲೋರಿನ್ ಗಾಳಿ ಏಳುತ್ತದೆ.

ಘಾಟಿ ತಿರುವಿನಲ್ಲಿ ಮಕ್ಕಳು ವಾಂತಿ ಮಾಡಿಕೊಂಡರೆ ಮೊದಲು ಗಟ್ಟಿ ಭಾಗವನ್ನು ಹಳೆಯ ಕಾರ್ಡಿನಿಂದ ಕೆರೆದು ತೆಗೆಯಿರಿ. ಉಳಿದದ್ದು ಹಾಲಿನ ಹಾಗೆಯೇ: ತಣ್ಣೀರು, ಎಂಜೈಮ್, ಸೋಡಾ. ಎಲ್ಲರೂ ಮರೆಯುವುದು ಸೀಟ್ ಬೆಲ್ಟ್. ಅದನ್ನು ಕೊನೆಯವರೆಗೆ ಎಳೆದು, ಬಟ್ಟೆಯ ಕ್ಲಿಪ್ ಹಾಕಿ ಹಿಂದೆ ಸರಿಯದಂತೆ ನಿಲ್ಲಿಸಿ. ಸೌಮ್ಯ ಸೋಪಿನ ನೀರಿನಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆಯೇ ಒಳಗೆ ಬಿಡಿ. ಬ್ಲೀಚ್ ಹಾಕಿದರೆ ಬೆಲ್ಟಿನ ನೂಲು ಬಲ ಕಳೆದುಕೊಳ್ಳುತ್ತದೆ. ಹಲಸಿನ ಹಣ್ಣಿನ ವಾಸನೆಗೆ ಮಾತ್ರ ಏನೂ ಮಾಡಬೇಡಿ. ರಸ ಸೋರಿಲ್ಲದಿದ್ದರೆ ಕಿಟಕಿ ಇಳಿಸಿ ಓಡಾಡಿದರೆ ಹೋಗುತ್ತದೆ.

ಇಲಿ ಸತ್ತಿದ್ದರೆ

ಈ ವಾಸನೆಯನ್ನು ಒಮ್ಮೆ ಮೂಸಿದವರು ಮರೆಯುವುದಿಲ್ಲ. ಹುಡುಕುವ ಕ್ರಮ: ಬಾನೆಟ್ ಒಳಗೆ ಬ್ಯಾಟರಿ ಪಕ್ಕ, ಎಂಜಿನ್ ಏರ್ ಫಿಲ್ಟರ್ ಡಬ್ಬಿ, ವೈಪರ್ ಬುಡ, ಕ್ಯಾಬಿನ್ ಫಿಲ್ಟರ್ ಸಂದಿ, ಬ್ಲೋವರ್. ಫ್ಯಾನ್ ಹಾಕಿದಾಗ ವಾಸನೆ ಜೋರಾದರೆ ಮೊದಲು ಬ್ಲೋವರ್ ಬಿಚ್ಚಿಸಿ.

ಕೈಗವಸು, ಮಾಸ್ಕ್ ಹಾಕಿಕೊಳ್ಳಿ. ಇಲಿಯ ಮೂತ್ರದಿಂದ ಇಲಿ ಜ್ವರ ಹರಡುತ್ತದೆ, ಕೈಯಲ್ಲಿ ಗಾಯವಿದ್ದರೆ ಇನ್ನೂ ಹುಷಾರು. ಒಣಗಿದ ಹಿಕ್ಕೆಯನ್ನು ಗುಡಿಸಬೇಡಿ, ವ್ಯಾಕ್ಯೂಮ್ ಮಾಡಬೇಡಿ, ಧೂಳು ಏಳುತ್ತದೆ. ಒಂದು ಪಾಲು ದ್ರವ ಬ್ಲೀಚ್‌ಗೆ ಒಂಬತ್ತು ಪಾಲು ನೀರು ಬೆರೆಸಿ ನೆನೆಸಿ, ಐದು ಹತ್ತು ನಿಮಿಷ ಬಿಟ್ಟು ಪೇಪರಿನಿಂದ ಎತ್ತಿ. ಪ್ಲಾಸ್ಟಿಕ್, ಲೋಹದ ಜಾಗಕ್ಕೆ ಮಾತ್ರ ಇದು, ಆಮೇಲೆ ಬರೀ ನೀರಿನಿಂದ ಒರೆಸಬೇಕು. ಬಟ್ಟೆಗೆ ಹಾಕಿದರೆ ಬಣ್ಣ ಹೋಗುತ್ತದೆ. ಇಲಿ ಬಂದಿತ್ತು ಎಂದ ಮೇಲೆ ವೈರ್ ಕಡಿದಿದೆಯಾ ನೋಡಿಸದೆ ದೂರದ ಪ್ರಯಾಣ ಹೊರಡಬೇಡಿ.

ಬಾನೆಟ್ ಒಳಗೆ ಇಲಿ ಪಾಷಾಣ ಇಡುವ ಸಲಹೆ ಕೊಡುವವರಿದ್ದಾರೆ. ತಿಂದ ಇಲಿ ಕಾರಿನೊಳಗೇ ಎಲ್ಲೋ ಹೋಗಿ ಸಾಯುತ್ತದೆ, ಮತ್ತೆ ಇದೇ ಪಾಡು. ಗಾಳಿ ಒಳಬರುವ ಬಾಯಿಗೆ ಸಣ್ಣ ಕಣ್ಣಿನ ಲೋಹದ ಜಾಲರಿ ಹಾಕಿಸುವುದು ಮೇಲು. ತಿಂಡಿಯ ಚೂರು ಒಳಗೆ ಬಿಡಬೇಡಿ.

ಸಿಗರೇಟು, ಮತ್ತು ಕೊನೆಯ ಕೈ

ಸಿಗರೇಟಿನ ಹೊಗೆ ಎಲ್ಲ ಮೇಲ್ಮೈಗೂ ಜಿಡ್ಡಾಗಿ ಅಂಟುತ್ತದೆ. ಗಾಜಿನ ಒಳಮೈ, ಸ್ಟೀರಿಂಗ್, ಬಾಗಿಲ ಪ್ಯಾಡ್ ಎಲ್ಲ ಒರೆಸಿ, ಕ್ಯಾಬಿನ್ ಫಿಲ್ಟರ್ ಬದಲಿಸಿ. ಛಾವಣಿಯ ಬಟ್ಟೆಯನ್ನು ಹಿಂಡಿದ ಬಟ್ಟೆಯಿಂದ ಮೆತ್ತಗೆ ಒತ್ತಿ ಒರೆಸಿ, ನೆನೆಸಿದರೆ ಅಂಟು ಬಿಟ್ಟು ಜೋತುಬೀಳುತ್ತದೆ.

ಇಷ್ಟೆಲ್ಲ ಆದ ಮೇಲೆ ಉಳಿಯುವ ಸಣ್ಣ ವಾಸನೆಗೆ ಆಕ್ಟಿವೇಟೆಡ್ ಚಾರ್ಕೋಲ್ ಚೀಲ ಇಡಿ. ಒಲೆಯ ಇದ್ದಿಲಿಗೆ ಅಷ್ಟು ಶಕ್ತಿ ಇಲ್ಲ. ಕಾಫಿ ಪುಡಿ ತನ್ನ ಘಮ ಕೊಡುತ್ತದೆ, ಮಳೆಗಾಲದಲ್ಲಿ ಅದಕ್ಕೇ ಬೂಷ್ಟು ಬರುತ್ತದೆ. ನುಸಿ ಗುಳಿಗೆ ಬೇಡ, ಮುಚ್ಚಿದ ಕಾರಿನಲ್ಲಿ ಆ ಆವಿ ಉಸಿರಾಡುವುದು ಒಳ್ಳೆಯದಲ್ಲ, ಮಗುವಿದ್ದರಂತೂ ಬೇಡವೇ ಬೇಡ. ಊದುಬತ್ತಿಯನ್ನು ಪೂಜೆಯ ದಿನ ಬಾನೆಟ್ ಮುಂದೆ ಬೆಳಗಿದರೆ ಸಾಕು. ಸ್ಪ್ರೇ ಡಬ್ಬಿಯನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟರೆ ಸಿಡಿಯಬಹುದು.

ಕಾರನ್ನು ಒಳಹೊರಗೆ ಶುಚಿ ಮಾಡುವ ಡೀಟೇಲಿಂಗ್ ಅಂಗಡಿಗಳು ಓಜೋನ್ ಟ್ರೀಟ್‌ಮೆಂಟ್ ಕೊಡುತ್ತವೆ, ಅಂದರೆ ಯಂತ್ರದಿಂದ ಓಜೋನ್ ಅನಿಲ ಬಿಟ್ಟು ವಾಸನೆ ತೆಗೆಯುತ್ತವೆ. ಮೂಲ ತೆಗೆದ ಮೇಲೆ ಮಾಡಿಸಿದರೆ ಉಪಯೋಗವಿದೆ. ಯಂತ್ರ ಓಡುವಾಗ ಒಳಗೆ ಯಾರೂ ಇರಬಾರದು, ಮುಗಿದ ಮೇಲೆ ಬಾಗಿಲು ತೆರೆದು ಚೆನ್ನಾಗಿ ಗಾಳಿಯಾಡಬೇಕು. ಪದೇ ಪದೇ ಮಾಡಿಸಿದರೆ ರಬ್ಬರ್ ಹಾಳಾಗುತ್ತದೆ. ದುಡ್ಡು ಕೊಡುವ ಮೊದಲು ಒಂದೇ ಪ್ರಶ್ನೆ ಕೇಳಿ: ಸೀಟು ಬಿಚ್ಚಿ ಕಾರ್ಪೆಟ್ ಎತ್ತುತ್ತೀರಾ? ಇಲ್ಲ ಎಂದರೆ ಫೋಮ್ ಒಳಗಿನ ಹಾಲು ಅಲ್ಲೇ ಇರುತ್ತದೆ, ಮುಂದಿನ ಬಿಸಿಲಿಗೆ ವಾಸನೆ ವಾಪಸ್. ಅಂಥ ಹಟಮಾರಿ ಹಾಲಿಗೆ ಆ ಒಂದು ಸೀಟಿನ ಫೋಮ್ ಬದಲಿಸುವುದೇ ಅಗ್ಗ. ಸೀಟ್ ಕುಶನ್ ಅಂಗಡಿಯವರು ಮಾಡಿಕೊಡುತ್ತಾರೆ. ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಎಂಬ ಚೀಟಿ ಹೊಲಿದಿದ್ದರೆ ಮಾತ್ರ ಕಂಪನಿಯ ಸರ್ವಿಸ್ ಸೆಂಟರ್‌ನಲ್ಲೇ ಬಿಚ್ಚಿಸಿ.